ಊಟ-ವಸತಿಗೆ ಬದಲಾಗಿ ದುಡಿಮೆ: ಆಫ್ರಿಕಾಕ್ಕೆ ಹೊರಟವರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದುದರಿಂದ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಇಬ್ಬರು ಕೇಳಿದ್ದರು. ನಾಲ್ವರ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನವನು, ವಯಸ್ಸು 24. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಮುಗಿಸಿದ್ದೇನೆ. ಮನೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಆರು ಎಕರೆ ಭತ್ತವಿದೆ. ನೌಕರಿ ಹಿಡಿಯುವ ಮೊದಲು ಆರು ತಿಂಗಳು ಕೆನ್ಯಾ, ಉಗಾಂಡಾಗಳಲ್ಲಿ ಇದ್ದು ಬರಬೇಕೆಂಬ ಆಸೆ. ಕೈಯಲ್ಲಿರುವುದು ಒಂದು ಲಕ್ಷ ಎಂಬತ್ತು ಸಾವಿರ. ಕೆನ್ಯಾದ ಒಂದು ತೋಟದ ಅತಿಥಿಗೃಹದವರು ಅಂತರ್ಜಾಲದಲ್ಲಿ ಪರಿಚಯವಾಗಿ, ವಾರಕ್ಕೆ 25 ತಾಸು ಕೆಲಸ ಮಾಡಿದರೆ ಊಟ-ವಸತಿ ಕೊಡುತ್ತೇವೆ, ಪ್ರವಾಸಿಯಾಗಿಯೇ ಬನ್ನಿ, ಯಾರೂ ಕೇಳುವುದಿಲ್ಲ ಎಂದು ಬರೆದಿದ್ದಾರೆ. ಸಂಬಳವೇ ಇಲ್ಲದ ಮೇಲೆ ಅದು ನೌಕರಿ ಹೇಗಾದೀತು? ಹೋಗಬಹುದೇ?

ಉತ್ತರ: ಹೋಗಬಹುದು, ಆದರೆ ಅವರು ಹೇಳಿದ ದಾರಿಯಲ್ಲಿ ಬೇಡ. ಸಂಬಳವಿಲ್ಲದ್ದು ನೌಕರಿಯಲ್ಲ ಎಂಬುದು ನಿಮಗೂ ಆ ಅತಿಥಿಗೃಹದವರಿಗೂ ಅನುಕೂಲವಾದ ಮಾತು, ವಲಸೆ ಅಧಿಕಾರಿಗೆ ಅಲ್ಲ. ಇದನ್ನು ತಿಳಿಯಲು ಕೆನ್ಯಾದವರೆಗೆ ಹೋಗಬೇಕಾಗಿಲ್ಲ, ನಮ್ಮದೇ ಕಾನೂನನ್ನು ನೋಡಿದರೆ ಸಾಕು. ಭಾರತಕ್ಕೆ ಇ-ಪ್ರವಾಸಿ ವೀಸಾದಲ್ಲಿ ಬರುವ ವಿದೇಶಿಯರು ಹೆಚ್ಚೆಂದರೆ ಒಂದು ತಿಂಗಳು ಸ್ವಯಂಸೇವೆ ಮಾಡಬಹುದು, ಅದೂ ಹಣವನ್ನಾಗಲಿ ಬೇರೆ ಯಾವುದೇ ರೂಪದ ಪ್ರತಿಫಲವನ್ನಾಗಲಿ ಪಡೆಯದಿದ್ದರೆ ಮಾತ್ರ. 'ಬೇರೆ ಯಾವುದೇ ರೂಪ' ಎಂದಾಗ ಹಾಸಿಗೆಯೂ ಬಂತು, ಅನ್ನವೂ ಬಂತು.

ನಿಮ್ಮೂರಿನಿಂದ ಬಹಳ ದೂರವಲ್ಲದ, ಹಂಪಿಯ ಎದುರಿನ ನಡುಗಡ್ಡೆಯಾದ ವಿರೂಪಾಪುರ ಗಡ್ಡಿಯಲ್ಲಿ, 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಅಲ್ಲಿನ ಅತಿಥಿಗೃಹಗಳನ್ನು ಕೆಡವುವ ಮೊದಲು, ತಿಂಗಳುಗಟ್ಟಲೆ ಉಳಿಯುತ್ತಿದ್ದ ಬಿಳಿಯ ಹುಡುಗರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬ ಗುಡಿಸಲಿನ ಬಾಡಿಗೆ ಕಟ್ಟಲಾಗದೆ ಗೋಡೆಗೆ ಚಿತ್ರ ಬಿಡಿಸುತ್ತಿದ್ದ, ಇನ್ನೊಬ್ಬ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ. ಪಾಪ, ಒಳ್ಳೆಯ ಹುಡುಗರು. ಆದರೆ ಆ ತಟ್ಟೆ ತೊಳೆಯುವ ಕೆಲಸಕ್ಕೆ ಹಿಂದಿನ ವರ್ಷದವರೆಗೆ ಆನೆಗೊಂದಿಯ ಕಡೆಯ ಒಬ್ಬ ಹೆಂಗಸು ಬರುತ್ತಿದ್ದಳು. ಆಕೆ ಎಲ್ಲಿ ಹೋದಳೆಂದು ನಾನೂ ಆಗ ವಿಚಾರಿಸಲಿಲ್ಲ.

ಈಗ ನನ್ನದೇ ತಪ್ಪನ್ನು ಹೇಳುತ್ತೇನೆ. 2009ರಲ್ಲಿ ವಿಕ್ಟೋರಿಯಾ ಸರೋವರದ ದಂಡೆಯ ಒಂದು ಊರಿನಲ್ಲಿ, ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು, ಅದಕ್ಕೆ ಬದಲಾಗಿ ಮುಖ್ಯೋಪಾಧ್ಯಾಯರ ಮನೆಯ ಹಿಂದಿನ ಕೋಣೆಯಲ್ಲಿ ಇರುತ್ತಿದ್ದೆ. ನನ್ನ ವೀಸಾ ಪ್ರವಾಸಿಯದು. ಮೂರನೆಯ ತಿಂಗಳಲ್ಲಿ ಅದನ್ನು ಮುಂದುವರಿಸಿಕೊಳ್ಳಲು ಪಟ್ಟಣದ ವಲಸೆ ಕಚೇರಿಗೆ ಹೋದಾಗ ಅಧಿಕಾರಿ ತಲೆ ಎತ್ತದೆಯೇ, ಇಷ್ಟು ದಿನ ಇಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಪ್ಯಾಂಟಿನ ಮೇಲೆ ಸೀಮೆಸುಣ್ಣದ ಪುಡಿ ಇನ್ನೂ ಇತ್ತು; ಗಣಿತ ಹೇಳಿಕೊಡುತ್ತೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಹಾಗಾದರೆ ನೀವು ಪ್ರವಾಸಿಯಲ್ಲ ಎಂದರು, ಪಾಸ್‌ಪೋರ್ಟನ್ನು ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದರು. ನಾಲ್ಕು ದಿನ ಓಡಾಡಿ, ದಂಡ ಕಟ್ಟಿ, ಏಳು ದಿನದೊಳಗೆ ದೇಶ ಬಿಡುವ ಆದೇಶದೊಂದಿಗೆ ಅದನ್ನು ಬಿಡಿಸಿಕೊಂಡೆ. ನನಗಿಂತ ಹೆಚ್ಚು ಅನುಭವಿಸಿದವರು ಆ ಮುಖ್ಯೋಪಾಧ್ಯಾಯರು. ಪರವಾನಗಿ ಇಲ್ಲದವನನ್ನು ಇಟ್ಟುಕೊಂಡದ್ದಕ್ಕೆ ಅವರನ್ನು ಎರಡು ಸಲ ಕರೆಸಿದರು. 'ಯಾರೂ ಕೇಳುವುದಿಲ್ಲ' ಎಂದು ನನಗೂ ಹೇಳಿದ್ದರು.

ಕೆನ್ಯಾ 2024ರ ಜನವರಿಯಿಂದ ವೀಸಾ ಪದ್ಧತಿಯನ್ನು ತೆಗೆದು, ಅಂತರ್ಜಾಲದಲ್ಲೇ ಪಡೆಯುವ ಪ್ರಯಾಣ ಅನುಮತಿಯನ್ನು ತಂದಿದೆ. ಅದಕ್ಕೆ 30 ಡಾಲರಿನ ಆಸುಪಾಸು ತಗಲುತ್ತದೆ, 90 ದಿನ ಇರಬಹುದು, ಕೆಲಸ ಮಾಡುವಂತಿಲ್ಲ. ಕೆನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸಲ್ಲುವ ಪೂರ್ವ ಆಫ್ರಿಕಾ ಪ್ರವಾಸಿ ವೀಸಾಕ್ಕೆ 100 ಡಾಲರ್. ಅದೂ 90 ದಿನಕ್ಕೇ, ಅದರಲ್ಲೂ ಕೆಲಸ ಕೂಡದು. ನಿಜವಾಗಿ ಸೇವೆ ಮಾಡಲು ಹೋಗುವವರಿಗೆ ಕೆನ್ಯಾದಲ್ಲಿ ಧಾರ್ಮಿಕ ಮತ್ತು ದತ್ತಿ ಕಾರ್ಯಗಳಿಗೆಂದೇ 'ಐ' ವರ್ಗದ ಪರವಾನಗಿ ಇದೆ. ಕಡಿಮೆ ಅವಧಿಗಾದರೆ ವಿಶೇಷ ಪಾಸ್ ಇದೆ. ಎರಡಕ್ಕೂ ಅಲ್ಲಿ ನೋಂದಣಿಯಾದ ಸಂಸ್ಥೆ ನಿಮ್ಮ ಹಿಂದೆ ನಿಂತಿರಬೇಕು. ಟಾಂಜಾನಿಯಾ ಸ್ವಯಂಸೇವಕರನ್ನು 'ಸಿ' ವರ್ಗದ ವಾಸ ಪರವಾನಗಿಯಲ್ಲಿ ಸೇರಿಸುತ್ತದೆ. ದಕ್ಷಿಣ ಆಫ್ರಿಕಾದ ಸಂದರ್ಶಕ ವೀಸಾದಲ್ಲಿ ದತ್ತಿ ಸೇವೆಗಾಗಿಯೇ ಮೂರು ವರ್ಷದವರೆಗೆ ಕೊಡುವ ಒಂದು ಬಗೆ ಇದೆ. ಹಾಗಾಗಿ ನಿಮ್ಮ ಅತಿಥಿಗೃಹದವರಿಗೆ ಒಂದೇ ಸಾಲು ಬರೆಯಿರಿ: 'ನನ್ನ ಹೆಸರಿನಲ್ಲಿ ಯಾವ ವರ್ಗದ ಪರವಾನಗಿಗೆ ಅರ್ಜಿ ಹಾಕುತ್ತೀರಿ?' ಉತ್ತರ ಬಾರದಿದ್ದರೆ ಅದನ್ನೇ ಉತ್ತರವೆಂದು ತಿಳಿಯಿರಿ.

ಕಾನೂನಿನ ಮಾತು ಹಾಗಿರಲಿ. ನಾಟಿಯ ಹಂಗಾಮಿನಲ್ಲಿ ಎಕರೆಗಿಷ್ಟು ಎಂದು ಗುತ್ತಿಗೆ ಹಿಡಿದು ಬರುವ ಹೆಣ್ಣಾಳುಗಳ ಗುಂಪನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಅದೇ ವಾರ ನಾಲ್ಕು ಜನ ವಿದೇಶಿಯರು ನಿಮ್ಮ ಹೊಲಕ್ಕೆ ಬಂದು, ಎರಡು ಹೊತ್ತು ಊಟ ಹಾಕಿದರೆ ಬಿಟ್ಟಿಯಾಗಿ ನಾಟಿ ಮಾಡುತ್ತೇವೆ ಎಂದರೆ ನಿಮ್ಮ ತಂದೆ ಏನೆನ್ನುತ್ತಾರೋ ಗೊತ್ತಿಲ್ಲ, ಆ ಹೆಂಗಸರು ಏನೆನ್ನುತ್ತಾರೆಂಬುದು ನಿಮಗೆ ಚೆನ್ನಾಗಿ ಗೊತ್ತು. ಅತಿಥಿಗೃಹದಲ್ಲಿ ಹಾಸಿಗೆ ಹಾಸುವುದು, ಪಾತ್ರೆ ತೊಳೆಯುವುದು, ಗಿರಾಕಿಗಳಿಗೆ ಚಹಾ ಕೊಡುವುದು ಅಲ್ಲಿ ಒಬ್ಬರ ಮನೆ ನಡೆಸುವ ಕೆಲಸ. ವಾರಕ್ಕೆ 25 ತಾಸು ಎಂಬುದು ಇಂಥ ವ್ಯವಸ್ಥೆಗಳಲ್ಲಿ ರೂಢಿಯ ಲೆಕ್ಕವೇ. ದಿನಕ್ಕೆ ಐದು ತಾಸಿನಂತೆ ಐದು ದಿನ. ಆ ಕೋಣೆಯ ಬಾಡಿಗೆ, ಊಟದ ಬೆಲೆ ಎರಡನ್ನೂ ಕೂಡಿಸಿ 25ರಿಂದ ಭಾಗಿಸಿ ನೋಡಿ. ನಿಮ್ಮ ತಾಸಿನ ಕೂಲಿ ಎಷ್ಟೆಂದು ತಿಳಿಯುತ್ತದೆ, ಯಾರ ಕೂಲಿಯನ್ನು ನೀವು ಇಳಿಸುತ್ತಿದ್ದೀರಿ ಎಂಬುದೂ ತಿಳಿಯುತ್ತದೆ.

ನಿಮ್ಮಲ್ಲಿ ಅಲ್ಲಿಯವರಿಗೆ ಬೇಕಾದ ವಿದ್ಯೆ ಇದೆ ಎಂಬುದನ್ನು ನೀವೇ ಗಮನಿಸಿಲ್ಲ. ಕೆನ್ಯಾ ಪರ್ವತದ ದಕ್ಷಿಣಕ್ಕೆ ಮ್ವೇಯಾ ಎಂಬ ನೀರಾವರಿ ಪ್ರದೇಶವಿದೆ. ನಮ್ಮಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ 1950ರ ದಶಕದಲ್ಲೇ, ಬ್ರಿಟಿಷರು ತಮ್ಮ ಆಳ್ವಿಕೆಯ ವಿರುದ್ಧ ಬಂಡೆದ್ದು ಸೆರೆಸಿಕ್ಕಿದ್ದ ಮಾವ್ ಮಾವ್ ಹೋರಾಟಗಾರರಿಂದ ಅಲ್ಲಿನ ಕಾಲುವೆಗಳನ್ನು ತೋಡಿಸಿದರು. ಇಂದು ಆ ದೇಶದ ಭತ್ತದ ಬಹುಪಾಲು ಅಲ್ಲಿಯದೇ. ಪಿಶೋರಿ ಎಂಬ ಅವರ ಸುವಾಸನೆಯ ಅಕ್ಕಿಯ ಹೆಸರಿನಲ್ಲಿ ಪೇಶಾವರದ ನೆನಪಿದೆ. ಕಾಲುವೆಯ ಕೊನೆಯಂಚಿನ ರೈತನಿಗೆ ನೀರು ಮುಟ್ಟದ ಸಂಕಟ ಏನೆಂದು ನಿಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಕಡಿಮೆ ನೀರಿನಲ್ಲಿ ಭತ್ತ ಬೆಳೆಯುವ ಶ್ರೀ ಪದ್ಧತಿಯ ಪ್ರಯೋಗಗಳೂ ಅಲ್ಲಿ ನಡೆದಿವೆ. ನಿಮ್ಮ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಶಿಫಾರಸು ಪತ್ರದೊಂದಿಗೆ ಅಲ್ಲಿನ ರೈತರ ಸಹಕಾರ ಸಂಘಕ್ಕೋ ಸಂಶೋಧನಾ ಕೇಂದ್ರಕ್ಕೋ ಬರೆದು, ಮೂರು ತಿಂಗಳ ಅಧಿಕೃತ ಅವಕಾಶ ಕೇಳಿ. ಸಿಕ್ಕರೆ ನೀವು ಹಾಸಿಗೆ ಹಾಸುವವರಾಗಿ ಹೋಗುವುದಿಲ್ಲ. ಸಿಗದಿದ್ದರೆ ನಿಜವಾದ ಪ್ರವಾಸಿಯಾಗಿ, ಕಡಿಮೆ ದಿನ, ನಿಮ್ಮದೇ ಖರ್ಚಿನಲ್ಲಿ ಹೋಗಿ ಬನ್ನಿ. ಆರು ತಿಂಗಳೇ ಆಗಬೇಕೆಂದು ಯಾರ ಮುಂದೂ ನೀವು ಪಂತ ಕಟ್ಟಿಲ್ಲವಷ್ಟೆ.

ಹಣದ ವಿಷಯ: ಹಿಂತಿರುಗುವ ಟಿಕೇಟನ್ನು ಹೊರಡುವ ಮೊದಲೇ ಕೊಂಡಿಡಿ. ಆತಿಥೇಯರ ಮನೆಯಿಂದ ರಾತ್ರೋರಾತ್ರಿ ಹೊರಬೀಳಬೇಕಾಗಿ ಬಂದರೂ ಹತ್ತು ದಿನ ಲಾಡ್ಜಿನಲ್ಲಿ ಇರಲು ಸಾಲುವಷ್ಟನ್ನು ಮುಟ್ಟದೆ ಬೇರೆ ಇಡಿ. ಹೊರಬೀಳಲು ದುಡ್ಡಿಲ್ಲದವನ ಕೆಲಸದ ತಾಸುಗಳು ತಾವಾಗಿಯೇ ಬೆಳೆಯುತ್ತವೆ. ಡಾಲರ್ ಒಯ್ಯುವುದಾದರೆ ಹೊಸ ನೋಟುಗಳನ್ನೇ ಕೇಳಿ ತೆಗೆದುಕೊಳ್ಳಿ, ಹಳೆಯ ವರ್ಷದ್ದನ್ನೂ ಮಡಿಕೆ ಬಿದ್ದದ್ದನ್ನೂ ಅಲ್ಲಿನ ಅಂಗಡಿಗಳು ಹಿಂದಕ್ಕೆ ತಳ್ಳುತ್ತವೆ. ಕೆನ್ಯಾದಲ್ಲಿ 2007ರಿಂದ ಬಳಕೆಯಲ್ಲಿರುವ ಎಂ-ಪೇಸಾ ನಮ್ಮ ಫೋನ್-ಪೇಗಿಂತ ಹಳೆಯದು. ಪಾಸ್‌ಪೋರ್ಟ್ ತೋರಿಸಿ ಸಿಮ್ ಕೊಂಡರೆ ತರಕಾರಿಯವರೆಗೆ ಎಲ್ಲ ಅದರಲ್ಲೇ ಆಗುತ್ತದೆ. ನೈರೋಬಿಯಿಂದ ಮೊಂಬಾಸಾಕ್ಕೆ ಹೋಗುವ ಹೆದ್ದಾರಿಯಲ್ಲಿ ಮಾಕಿಂಡು ಎಂಬಲ್ಲಿ ರೈಲು ಹಾದಿ ಕಟ್ಟಲು ಹೋದ ಸಿಖ್ಖರ ಕಾಲದ ಗುರುದ್ವಾರವಿದೆ. ಯಾವ ಜಾತಿ-ಮತದವರಾದರೂ ಅಲ್ಲಿ ಉಂಡು, ಒಂದು ರಾತ್ರಿ ಮಲಗಿ ಹೋಗಬಹುದು, ಪ್ರತಿಯಾಗಿ ಯಾರೂ ದುಡಿಮೆ ಕೇಳುವುದಿಲ್ಲ.

ಇನ್ನೊಂದು ಸಣ್ಣ ಮಾತು. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. ಯಾರಾದರೂ ಬೆಳಿಗ್ಗೆ 'ಸಾ ಎಂಬಿಲಿ'ಗೆ, ಅಂದರೆ ಎರಡು ಗಂಟೆಗೆ, ಬನ್ನಿ ಎಂದರೆ ಅದು ನಮ್ಮ ಎಂಟು ಗಂಟೆ. ನಾನು ಮೊದಲ ದಿನ ಈ ಲೆಕ್ಕ ತಿಳಿಯದೆ ಮಧ್ಯಾಹ್ನ ಎರಡಕ್ಕೆ ಹೋಗಿ, ಖಾಲಿ ತರಗತಿಯಲ್ಲಿ ಒಬ್ಬನೇ ಕುಳಿತಿದ್ದೆ.

ಪ್ರಶ್ನೆ: ಗಂಗಾವತಿಯ ತಾಯಿಯೊಬ್ಬಳು ಬರೆಯುತ್ತಿದ್ದೇನೆ. ಬಿ.ಇಡಿ ಮುಗಿಸಿದ ಮಗಳು ಕೆನ್ಯಾದ ಕಿಸುಮು ಹತ್ತಿರದ ಒಂದು ಅನಾಥಾಶ್ರಮದಲ್ಲಿ ಮೂರು ತಿಂಗಳು ಸೇವೆ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕಳಿಸುವ ಕಂಪನಿಯವರು ವಿಮಾನದ ಖರ್ಚನ್ನು ಬಿಟ್ಟು ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಅಲ್ಲಿನ ಕಾಯಿಲೆಗಳ ಬಗ್ಗೆ ನನಗೆ ಭಯ. ಬೇಡ ಎನ್ನಲೇ?

ಉತ್ತರ: ತಾಯಿ, ಆಫ್ರಿಕಾ ಬೇಡ ಎನ್ನಬೇಡಿ, ಅನಾಥಾಶ್ರಮ ಬೇಡ ಎನ್ನಿ. ನಿಮ್ಮ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಗುರುತು-ಪರಿಚಯವಿಲ್ಲದ, ಭಾಷೆ ಬಾರದ ಒಬ್ಬ ಪರದೇಶಿ ಬಂದು, ದುಡ್ಡು ಕಟ್ಟಿದ್ದೇನೆ, ಮೂರು ತಿಂಗಳು ಮಕ್ಕಳನ್ನು ಎತ್ತಿ ಆಡಿಸುತ್ತೇನೆ ಎಂದರೆ ವಾರ್ಡನ್ ಬಾಗಿಲು ತೆಗೆಯುತ್ತಾರೆಯೇ? ಅಲ್ಲಿ ತೆಗೆಯುತ್ತಾರೆ ಎಂದಾದರೆ ಆ ಒಂದೂವರೆ ಲಕ್ಷದಲ್ಲಿ ಒಂದು ಪಾಲು ಬಾಗಿಲಿನ ಬೆಲೆ ಎಂದರ್ಥ. ಇಂಥ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ. ಬಡತನಕ್ಕೆ, ಶಾಲೆಯ ಆಸೆಗೆ ಮಕ್ಕಳನ್ನು ಬಿಟ್ಟಿರುತ್ತಾರೆ. ಅತಿಥಿಗಳ ಹಣ ಬರುತ್ತಿರುವವರೆಗೆ ಮಕ್ಕಳನ್ನು ಮನೆಗೆ ಕಳಿಸುವುದರಿಂದ ಆಶ್ರಮದವರಿಗೆ ನಷ್ಟ. ಈ ಕಾರಣಕ್ಕೇ 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ತನ್ನ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಶ್ರಮಗಳ ಸ್ವಯಂಸೇವಾ ಪ್ರವಾಸದಿಂದಾಗುವ ಕೇಡನ್ನು ಹೆಸರಿಸಿಯೇ ಎತ್ತಿತು. ಕೆನ್ಯಾ ಸರ್ಕಾರವೂ 2022ರಿಂದ 2032ರವರೆಗಿನ ಹತ್ತು ವರ್ಷದ ಯೋಜನೆ ಹಾಕಿಕೊಂಡು ಮಕ್ಕಳನ್ನು ಆಶ್ರಮಗಳಿಂದ ಕುಟುಂಬಗಳಿಗೆ ಮರಳಿಸಲು ಹೊರಟಿದೆ. ಮೂರು ತಿಂಗಳಿಗೊಮ್ಮೆ ಒಬ್ಬ ಹೊಸ ಅಕ್ಕ ಬಂದು, ಮುದ್ದುಮಾಡಿ, ಅತ್ತು ಹೋದರೆ ಮಗುವಿಗೆ ಏನಾಗುತ್ತದೆಂದು ಬಿ.ಇಡಿ ಓದಿದವಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಶಿಕ್ಷಕರ ಜೊತೆ ಕೆಲಸ ಮಾಡುವ, ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನು ಕೇಳುವ ಸಂಸ್ಥೆಯನ್ನು ಆಕೆ ಹುಡುಕಲಿ. ಪ್ರಮಾಣಪತ್ರ ಕೇಳದ ಸಂಸ್ಥೆ ನಿಮ್ಮ ಮಗಳನ್ನಷ್ಟೇ ಅಲ್ಲ, ಯಾರನ್ನೂ ಕೇಳುವುದಿಲ್ಲ.

ಕಾಯಿಲೆಗಳ ಭಯ ಸಹಜ, ಆದರೆ ಸಿದ್ಧತೆ ನಮ್ಮ ಕೈಯಲ್ಲಿದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿ. ಒಂದೇ ಸೂಜಿ, ಅದರ ಪ್ರಮಾಣಪತ್ರ 2016ರಿಂದ ಜೀವನಪೂರ್ತಿ ಸಲ್ಲುತ್ತದೆ. ಆ ಹಳದಿ ಪುಸ್ತಿಕೆ ಇಲ್ಲದೆ ಕೆನ್ಯಾದಿಂದ ಮರಳಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇನ್ನು ಮಲೇರಿಯಾ. ನಮ್ಮ ಕಡೆ ಮಲೇರಿಯಾ ಹೊಸದಲ್ಲ, ಚಳಿಜ್ವರ ಬಂದು ಹೋಯಿತು ಎನ್ನುವವರಿದ್ದಾರೆ. ಆದರೆ ಅಲ್ಲಿಯದು ಹೆಚ್ಚಾಗಿ ಫಾಲ್ಸಿಪ್ಯಾರಮ್ ಎಂಬ ಬಗೆ, ಒಂದೆರಡು ದಿನ ಅಲಕ್ಷಿಸಿದರೆ ಮಿದುಳಿಗೆ ಏರುವಂಥದ್ದು. ಹಳೆಯ ಕ್ಲೋರೋಕ್ವಿನ್ ಅದರ ಮುಂದೆ ನಡೆಯುವುದಿಲ್ಲ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರೆ ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ, ದಿನವೂ ತಪ್ಪದೆ, ಮರಳಿದ ಮೇಲೂ ನಾಲ್ಕು ವಾರ ತೆಗೆದುಕೊಳ್ಳಬೇಕು. ಬಹಳ ಜನ ಮನೆ ಮುಟ್ಟಿದ ದಿನವೇ ನಿಲ್ಲಿಸಿಬಿಡುತ್ತಾರೆ. ಊರಿಗೆ ಬಂದು ತಿಂಗಳುಗಳಾದ ಮೇಲೆ ಜ್ವರ ಬಂದರೂ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು, ಆಫ್ರಿಕಾಕ್ಕೆ ಹೋಗಿದ್ದೆ ಎಂಬುದು.

ತುಂಗಭದ್ರೆಯ ದಂಡೆಯ ಮಕ್ಕಳಿಗೆ ನೀರು ಕಂಡರೆ ಇಳಿಯುವ ಚಪಲ. ಕಿಸುಮು ಇರುವುದು ವಿಕ್ಟೋರಿಯಾ ಸರೋವರದ ದಡದಲ್ಲಿ. ಅದರಲ್ಲಿ ಈಜುವುದಾಗಲಿ ಕಾಲಿಳಿಬಿಟ್ಟು ಕೂರುವುದಾಗಲಿ ಬೇಡವೆಂದು ಮಗಳಿಗೆ ಗಟ್ಟಿಯಾಗಿ ಹೇಳಿ. ನೀರಿನ ಬಸವನಹುಳುಗಳಿಂದ ಹೊರಬರುವ ಬಿಲ್ಹಾರ್ಜಿಯಾ ಎಂಬ ಕಾಯಿಲೆಯ ಸೂಕ್ಷ್ಮ ಹುಳುಗಳು ಗಾಯವಿಲ್ಲದ ಚರ್ಮದ ಮೂಲಕವೇ ಒಳಹೊಗುತ್ತವೆ. ಮದ್ದಿದೆ, ಆದರೆ ಹತ್ತಿದ್ದು ಗೊತ್ತಾಗುವುದೇ ತಡ. ಬೋಡಾ ಬೋಡಾ ಎಂಬ ಬಾಡಿಗೆ ಬೈಕುಗಳಲ್ಲಿ ಹೆಲ್ಮೆಟ್ ಇಲ್ಲದೆ ಹತ್ತುವುದೂ ಬೇಡ; ಪ್ರವಾಸ ವಿಮೆಯ ಕಾಗದದಲ್ಲಿ ಬೈಕು ಅಪಘಾತವನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿ ನೋಡಿ.

ನೀವು ಕೇಳದೆ ಬಿಟ್ಟ, ಆದರೆ ಖಂಡಿತ ಮಾಡಲಿರುವ ಒಂದು ಕೆಲಸವಿದೆ: ಬುತ್ತಿ ಕಟ್ಟುವುದು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಕಳಿಸಿ, ಆದರೆ ಅಂಗಡಿಯ ಪ್ಲಾಸ್ಟಿಕ್ ಕೈಚೀಲಗಳಲ್ಲಿ ಅಲ್ಲ. ಕೆನ್ಯಾ 2017ರ ಆಗಸ್ಟಿನಿಂದ ಅವನ್ನು ನಿಷೇಧಿಸಿದೆ, ದಂಡ ದೊಡ್ಡದು. ಬಟ್ಟೆಯ ಚೀಲ, ಡಬ್ಬಿ ಸಾಕು. ಅಲ್ಲಿನ ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಸಂಗಟಿಯೇ. ಸೊಪ್ಪಿನ ಪಲ್ಯದ ಜೊತೆ ಕೈಯಲ್ಲೇ ಉಣ್ಣುತ್ತಾರೆ. ನಾವು ನಮ್ಮದೆಂದು ತಿಳಿದಿರುವ ಬಿಳಿಜೋಳದ ತವರೂ ಈಶಾನ್ಯ ಆಫ್ರಿಕಾವೇ ಆದ್ದರಿಂದ ಮಗಳು ಉಪವಾಸ ಬೀಳುವುದಿಲ್ಲ.

ಪ್ರಶ್ನೆ: ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾಗಿದ್ದೇನೆ, ವಯಸ್ಸು 61. ಸಂಬಳ ಬೇಡ, ಇರಲು ಕೋಣೆ ಸಿಕ್ಕರೆ ಒಂದು ವರ್ಷ ಆಫ್ರಿಕಾದ ಯಾವುದಾದರೂ ಹಳ್ಳಿ ಆಸ್ಪತ್ರೆಯಲ್ಲಿ ದುಡಿಯುವ ಇಚ್ಛೆ.

ಉತ್ತರ: ಸಂಬಳ ಬೇಡ ಎಂದು ನೀವಾಗಿಯೇ ಮೊದಲು ಹೇಳಬೇಡಿ. ನಿಮ್ಮಂಥ ಅನುಭವಿಗಳಿಗೆ ಜೀವನ ಭತ್ಯೆ, ವಿಮೆ, ಪ್ರಯಾಣದ ಖರ್ಚು ಕೊಟ್ಟು ಕರೆಸಿಕೊಳ್ಳುವ ವ್ಯವಸ್ಥೆಗಳಿವೆ. 1970ರಲ್ಲಿ ಶುರುವಾದ ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆ ಅಂಥದ್ದು. ಜರ್ಮನಿಯ ಬಾನ್ ನಗರದಲ್ಲಿ ಅದರ ಕೇಂದ್ರ ಕಚೇರಿ ಇದೆ, ಅರವತ್ತು ದಾಟಿತೆಂದು ಅವರು ಬಾಗಿಲು ಹಾಕುವುದಿಲ್ಲ. ಅಂತರ್ಜಾಲದಲ್ಲಿ ನಿಮ್ಮ ವಿವರ ದಾಖಲಿಸಿ, ನಿಮ್ಮ ವಿದ್ಯೆಗೆ ಹೊಂದುವ ಕರೆ ಬಂದಾಗ ಅರ್ಜಿ ಹಾಕಬೇಕು, ಶುಲ್ಕವಿಲ್ಲ.

ಯಾವ ದೇಶಕ್ಕೆ ಹೋದರೂ ಅಲ್ಲಿನ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾಗದೆ ರೋಗಿಯ ಮೈ ಮುಟ್ಟಬೇಡಿ. 'ಒಂದು ಕೈ ಸಹಾಯ ಮಾಡಿ ಸಿಸ್ಟರ್' ಎಂದು ಕರೆದವರೇ, ಏನಾದರೂ ಹೆಚ್ಚುಕಡಿಮೆಯಾದ ದಿನ, ಈಕೆ ಯಾರೋ ನಮಗೆ ಗೊತ್ತಿಲ್ಲ ಎಂದುಬಿಡುತ್ತಾರೆ. ಕರ್ನಾಟಕದ ನಿಮ್ಮ ನೋಂದಣಿಯನ್ನು ನವೀಕರಿಸಿಕೊಂಡು, ಸೇವಾ ಪ್ರಮಾಣಪತ್ರದ ಇಂಗ್ಲಿಷ್ ಪ್ರತಿಗಳನ್ನು ಸಿದ್ಧವಿಟ್ಟುಕೊಳ್ಳಿ. ಹಾಸಿಗೆಯ ಪಕ್ಕಕ್ಕಿಂತ ಅಲ್ಲಿನ ಕಿರಿಯ ನರ್ಸ್‌ಗಳಿಗೆ ಹೇಳಿಕೊಡುವ ಜಾಗದಲ್ಲಿ ನಿಮ್ಮ ಮೂವತ್ತು-ಮೂವತ್ತೈದು ವರ್ಷದ ಕೈಪಳಗು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನಿಸಿಕೆ. ಮೇಲೆ ಹೇಳಿದ ಹಳದಿ ಜ್ವರದ ಲಸಿಕೆ ಅರವತ್ತು ದಾಟಿದವರಲ್ಲಿ ಅಪರೂಪಕ್ಕೆ ತೀವ್ರ ತೊಂದರೆ ಕೊಡಬಲ್ಲದು. ನಿಮಗೆ ಇದು ಗೊತ್ತಿರುತ್ತದೆ, ಆದರೂ ನರ್ಸ್‌ಗಳು ತಮ್ಮ ವಿಷಯದಲ್ಲಿ ತಾವೇ ವೈದ್ಯರಾಗಿಬಿಡುವುದನ್ನು ಕಂಡಿದ್ದೇನೆ.

ಪ್ರಶ್ನೆ: ನಾನು ಲಿಂಗಸುಗೂರಿನ ಗೌಂಡಿ. ಟಾಂಜಾನಿಯಾದಲ್ಲಿ ಕಟ್ಟಡದ ಕೆಲಸ ಇದೆ, ಮೊದಲ ಆರು ತಿಂಗಳು 'ವಾಲಂಟಿಯರ್' ಎಂದು ಬರೀ ಊಟ-ವಸತಿ, ಆಮೇಲೆ ಸಂಬಳ ಎಂದು ಏಜೆಂಟ್ ಹೇಳುತ್ತಾನೆ. 70 ಸಾವಿರ ಕೇಳಿದ್ದಾನೆ. ಕೊಡಲೇ?

ಉತ್ತರ: ಕೊಡಬೇಡಿ. ಇಟ್ಟಿಗೆ ಹೊರುವವನನ್ನು ಯಾವ ದೇಶವೂ ಸ್ವಯಂಸೇವಕ ಎನ್ನುವುದಿಲ್ಲ. ಪರವಾನಗಿಯ ಖರ್ಚು ಉಳಿಸಲು, ಆರು ತಿಂಗಳು ಬಿಟ್ಟಿ ದುಡಿಸಲು ಮಾಡಿದ ಹೆಸರು ಅದು. ನಮ್ಮಲ್ಲಿ ಇದಕ್ಕೆ ಜೀತ ಎಂಬ ಹಳೆಯ ಮಾತಿದೆ. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟನಿಗೆ 1983ರ ವಲಸೆ ಕಾಯ್ದೆಯಡಿ ಕೇಂದ್ರ ಸರ್ಕಾರದ ನೋಂದಣಿ ಇರಲೇಬೇಕು; ಇದ್ದರೂ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಆತನ ನೋಂದಣಿ ಸಂಖ್ಯೆ ಕೇಳಿ. ಕೊಟ್ಟರೆ, ಓದುಬಲ್ಲ ಯಾರಿಂದಲಾದರೂ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅದನ್ನು ಹುಡುಕಿಸಿ ನೋಡಿ. ಪಾಸ್‌ಪೋರ್ಟನ್ನು ಮಾತ್ರ ಯಾವ ಕಾರಣಕ್ಕೂ ಅವನ ಕೈಯಲ್ಲಿ ಬಿಟ್ಟು ಬರಬೇಡಿ. ಈಗಾಗಲೇ ಮುಂಗಡ ಕೊಟ್ಟಿದ್ದರೆ, ಫೋನಿನಲ್ಲಿ ಹಣ ಕಳಿಸಿದ ದಾಖಲೆಯನ್ನೂ ಅವನು ಕಳಿಸಿದ ಸಂದೇಶಗಳನ್ನೂ ಅಳಿಸದೆ ಇಟ್ಟುಕೊಂಡು ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ, ದೂರಿನ ಪ್ರತಿಯನ್ನು ಕೇಳಿ ಪಡೆಯಿರಿ.